ಬೀದಿಯ ದುರಸ್ತಿ ಯಾರ ಹೊಣೆ?

ಮನೆಯ ಮುಂದಿನ ಬೀದಿಯಲ್ಲಿ ಗುಂಡಿ ಬಿದ್ದರೆ ಮುಚ್ಚಿಸಬೇಕಾದವರು ಯಾರು? ಈ ಪ್ರಶ್ನೆಗೆ 2,000 ವರ್ಷಗಳ ಇತಿಹಾಸವಿದೆ.

ದಕ್ಷಿಣ ಇಟಲಿಯ ಹೆರಾಕ್ಲಿಯಾದಲ್ಲಿ 1732ರಲ್ಲಿ ಕಂಚಿನ ಫಲಕವೊಂದು ದೊರೆಯಿತು. ಅದರಲ್ಲಿರುವುದು ಕ್ರಿ.ಪೂ. 1ನೆಯ ಶತಮಾನದ ರೋಮನ್ ಕಾನೂನು. ಅದರಂತೆ, ರೋಮ್ ನಗರದಲ್ಲಿ ತನ್ನ ಕಟ್ಟಡದ ಮುಂದಿನ ಬೀದಿಯನ್ನು ಮಾಲೀಕನೇ ಸುಸ್ಥಿತಿಯಲ್ಲಿಡಬೇಕು. ತಪ್ಪಿದರೆ ಈಡೈಲ್ ಎಂಬ ನಗರಾಧಿಕಾರಿ ಪ್ರಕಟಣೆ ಹೊರಡಿಸಿ ಕೆಲಸವನ್ನು ಗುತ್ತಿಗೆಗೆ ಕೊಡುತ್ತಿದ್ದ, ಹಣ ಮಾಲೀಕನದೇ. 30 ದಿನಗಳೊಳಗೆ ತೆರದಿದ್ದರೆ ಒಂದೂವರೆ ಪಟ್ಟು ಕೊಡಬೇಕಿತ್ತು!

ಲಂಡನ್ನಿನ ವೆಸ್ಟ್‌ಮಿನ್‌ಸ್ಟರ್‌ನಲ್ಲಿಯೂ 18ನೆಯ ಶತಮಾನದ ನಡುಭಾಗದವರೆಗೆ ಮನೆಯವರೇ ತಮ್ಮ ಬಾಗಿಲ ಮುಂದೆ ಕಲ್ಲು ಹಾಸಬೇಕಿತ್ತು. ಉಳ್ಳವರು ಚೆನ್ನಾಗಿ ಹಾಸಿದರು, ಉಳಿದವರು ಕೈಚೆಲ್ಲಿದರು. ಒಂದೇ ಬೀದಿ ಹೆಜ್ಜೆಗೊಂದು ಏರು, ಹೆಜ್ಜೆಗೊಂದು ತಗ್ಗಾಯಿತು. ಕೊನೆಗೆ 1762ರ ಕಾಯಿದೆ ಈ ಹೊಣೆಯನ್ನು ಕಮಿಷನರುಗಳ ಮಂಡಲಿಗೆ ವಹಿಸಿತು. ಮನೆಗಳ ಮೇಲಿನ ತೆರಿಗೆಯಿಂದ ಹಣ ಕೂಡಿತು. ಸ್ಕಾಟ್‌ಲೆಂಡಿನ ಗ್ರಾನೈಟ್ ಬಂತು. ನಡುಬೀದಿಯ ಚರಂಡಿ ಅಂಚಿಗೆ ಸರಿಯಿತು.

ಆದರೆ ಹಣ ಒಂದೆಡೆ ಸೇರಿದೊಡನೆ ಇನ್ನೊಂದು ಪ್ರಶ್ನೆ ಹುಟ್ಟುತ್ತದೆ: ಮೊದಲು ಯಾವ ಬೀದಿ? ವಾಹನ ದಟ್ಟವಾದ ಪೇಟೆಬೀದಿಯೋ, ಕೆಸರು ತುಂಬಿದ ಬಡವರ ಗಲ್ಲಿಯೋ? ಇದಕ್ಕೆ ಎಂಜಿನಿಯರರ ಅಳತೆಪಟ್ಟಿಯೊಂದೇ ಉತ್ತರ ಹೇಳಲಾರದು.

1992ರಲ್ಲಿ ಸಂಸತ್ತು ಅಂಗೀಕರಿಸಿದ ಸಂವಿಧಾನದ 74ನೆಯ ತಿದ್ದುಪಡಿಯು, ನಗರ ಸ್ಥಳೀಯ ಸಂಸ್ಥೆಗಳಿಗೆ ವಹಿಸಬಹುದಾದ ಕೆಲಸಗಳಲ್ಲಿ ರಸ್ತೆಯನ್ನೂ ಹೆಸರಿಸಿದೆ. ನಿಮ್ಮ ಊರಿನ ಆಯವ್ಯಯ ಪತ್ರವನ್ನು ಒಮ್ಮೆ ಓದಿ ನೋಡಿ. ಎಲ್ಲರ ತೆರಿಗೆ ಯಾರ ಬಾಗಿಲವರೆಗೆ ತಲುಪಿದೆ ಎಂಬುದು ಅಲ್ಲಿ ತಿಳಿದೀತು.