ಹಗೇವಿನಿಂದ ಗೋದಾಮಿಗೆ: ಯಾದಗಿರಿ, ಶಹಾಪುರ, ಸುರಪುರ ಸೀಮೆಯಲ್ಲಿ ದಾಸ್ತಾನು ಮತ್ತು ಸಾಗಣೆ

ಕೃಷ್ಣೆ ಮತ್ತು ಭೀಮೆ ಕೂಡುವ ಮುನ್ನ ಅವುಗಳ ನಡುವೆ ಉಳಿಯುವ ಎರೆನೆಲದಲ್ಲಿ ಶಹಾಪುರ, ಸುರಪುರ ತಾಲ್ಲೂಕುಗಳಿವೆ. ಯಾದಗಿರಿ ಪಟ್ಟಣ ಭೀಮೆಯ ಪೂರ್ವಕ್ಕಿದೆ. 1871ರಿಂದಲೂ ರೈಲು ಇರುವುದು ಯಾದಗಿರಿಯಲ್ಲಿ. ಇಂದು ಕಾಲುವೆ ನೀರಿನ ಬೆಳೆ ಬರುವುದು ಹೊಳೆಯಾಚೆಯ ಶಹಾಪುರ, ಸುರಪುರ ಸೀಮೆಯಲ್ಲಿ. 2009ರ ಕೊನೆಯಲ್ಲಿ ಕಲಬುರಗಿಯಿಂದ ಬೇರ್ಪಟ್ಟು ಜಿಲ್ಲೆಯಾದ ಈ ಸೀಮೆಯ ಸರಕು ಸಾಗಣೆಯ ತೊಡಕೆಲ್ಲ ಈ ನಕ್ಷೆಯಲ್ಲೇ ಇದೆ. ಕಾಳು ಒಂದು ದಡದಲ್ಲಿ, ಅದನ್ನು ದೂರಕ್ಕೆ ಒಯ್ಯುವ ದಾರಿ ಇನ್ನೊಂದು ದಡದಲ್ಲಿ. ಬೆಳೆದವನಿಗೆ ಕಾದು ಮಾರುವ ಶಕ್ತಿ ಎಷ್ಟಿತ್ತು, ಅದು ಯಾವಾಗ ಯಾರ ಕೈಗೆ ಹೋಯಿತು ಎಂಬ ಪ್ರಶ್ನೆಯನ್ನು ಮುಂದಿಟ್ಟುಕೊಂಡು ಈ ಸೀಮೆಯ ಉಗ್ರಾಣಗಳ ಚರಿತ್ರೆಯನ್ನು ಓದುವುದು ಈ ಲೇಖನದ ಉದ್ದೇಶ.

ನೆಲದೊಳಗಿನ ಕಾಳು

ಉತ್ತರ ಕರ್ನಾಟಕದ ಹಳೆಯ ಊರುಗಳಲ್ಲಿ ಜೋಳದ ದೊಡ್ಡ ದಾಸ್ತಾನು ನೆಲದ ಮೇಲೆ ಕಾಣುತ್ತಿರಲಿಲ್ಲ. ಅದು ಹಗೇವಿನಲ್ಲಿರುತ್ತಿತ್ತು. ಊರಿನ ಎತ್ತರದ ಜಾಗ ನೋಡಿ, ಗಟ್ಟಿ ಗರಸು ಮಣ್ಣಿರುವಲ್ಲಿ, ಬಾಯಿ ಕಿರಿದಾಗಿ ಹೊಟ್ಟೆ ಅಗಲವಾಗಿ ಅಗೆದ ಗುಂಡಿ ಅದು. ತುಂಬುವ ಮೊದಲು ಒಳಗೆ ಬೆಂಕಿ ಹಾಕಿ ತೇವ ಆರಿಸುತ್ತಿದ್ದರು. ಗೋಡೆಗೂ ತಳಕ್ಕೂ ಒಣ ಹುಲ್ಲು ಹೊದಿಸಿ, ಚೆನ್ನಾಗಿ ಒಣಗಿದ ಬಿಳಿಜೋಳ ಸುರಿದು, ಮೇಲೆ ಚಪ್ಪಡಿ ಕಲ್ಲು ಮುಚ್ಚಿ ಮಣ್ಣು ಮೆತ್ತುತ್ತಿದ್ದರು.

ಈ ಗುಂಡಿ ಕೆಲಸ ಮಾಡುವ ಬಗೆ ಇಂದಿನ ಗಾಳಿಯಾಡದ ಸಂಗ್ರಹಣೆಯ ತತ್ವಕ್ಕೆ ಸರಿಯಾಗಿ ಹೊಂದುತ್ತದೆ. ಮುಚ್ಚಿದ ಮೇಲೆ ಕಾಳೂ ಅದರೊಳಗಿನ ಹುಳವೂ ಉಸಿರಾಡಿ ಆಮ್ಲಜನಕ ತೀರುತ್ತದೆ, ಇಂಗಾಲದ ಡೈಆಕ್ಸೈಡ್ ಹೆಚ್ಚುತ್ತದೆ, ನುಸಿ ಸಾಯುತ್ತದೆ. ಅದೇ ಕಾರಣಕ್ಕೆ ಹಗೇವು ತೆಗೆಯುವುದು ಅಪಾಯದ ಕೆಲಸವೂ ಆಗಿತ್ತು. ಬಾಯಿ ತೆರೆದು ಸಾಕಷ್ಟು ಹೊತ್ತು ಬಿಟ್ಟು, ದೀಪ ಇಳಿಬಿಟ್ಟು ಅದು ಆರುವುದಿಲ್ಲ ಎಂದು ಖಾತ್ರಿಯಾದ ಮೇಲೆಯೇ ಆಳು ಇಳಿಯಬೇಕು. ಆತುರಪಟ್ಟು ಇಳಿದವರು ಜೀವ ಕಳೆದುಕೊಂಡದ್ದುಂಟು. ಗೋಡೆಗೆ ತಾಗಿದ ಕಾಳು ಕೆಡುತ್ತಿತ್ತು, ಉಳಿದದ್ದಕ್ಕೆ ಒಂದು ಬಗೆಯ ವಾಸನೆ ಹಿಡಿಯುತ್ತಿತ್ತು, ಮೊಳಕೆಯೊಡೆಯುವ ಶಕ್ತಿ ಕುಂದುತ್ತಿತ್ತು. ಹಾಗಾಗಿ ಬಿತ್ತನೆ ಬೀಜವನ್ನು ಬೇರೆಯಾಗಿ, ಬೂದಿ ಬೆರೆಸಿ ಮಡಕೆಗಳಲ್ಲಿ ಕಾಪಾಡುತ್ತಿದ್ದರು. ದಿನಬಳಕೆಯ ಕಾಳಿಗೆ ಬಿದಿರಿನಿಂದ ಹೆಣೆದು ಸಗಣಿ, ಮಣ್ಣು ಸಾರಿಸಿದ ಗಳಗಿ ಮನೆಯೊಳಗೆ ಇರುತ್ತಿತ್ತು.

ಹಗೇವನ್ನು ಹಳ್ಳಿಯ ಸಮಾನತೆಯ ಗುರುತಾಗಿ ಹೊಗಳುವವರಿದ್ದಾರೆ. ನಾನು ಅದನ್ನು ಒಪ್ಪಲಾರೆ. ಹತ್ತಾರು ಚೀಲ ಜೋಳವನ್ನು ವರ್ಷಗಟ್ಟಲೆ ಮುಟ್ಟದೆ ಇಡಬಲ್ಲವರು ಗೌಡರು, ದೇಸಾಯಿಗಳು, ದೊಡ್ಡ ಹಿಡುವಳಿಯವರು. ಬರ ಬಂದಾಗ ಆ ಕಾಳು ಊರಿಗೆ ಸಾಲವಾಗಿ ಇಳಿಯುತ್ತಿತ್ತು, ಸುಗ್ಗಿಯಲ್ಲಿ ಹೆಚ್ಚಾಗಿ ಹಿಂದಿರುಗುತ್ತಿತ್ತು. ಆದರೂ ಒಂದು ಮಾತು ನಿಜ. ಆ ಕಾಳು ಊರಿನಲ್ಲೇ ಇತ್ತು, ಯಾರ ಹಗೇವು ಎಲ್ಲಿದೆಯೆಂದು ಊರಿಗೆ ತಿಳಿದಿತ್ತು. ದಂಡು ಬಂದಾಗ ಮಾತ್ರ ಆ ತಿಳಿವಳಿಕೆ ಊರಿನ ಹೊರಗೆ ಹೋಗದಂತೆ ಕಾಯುತ್ತಿದ್ದರು.

ಹೇರೆತ್ತುಗಳ ದಾರಿ

ದಂಡು ಬರುವುದು ಈ ಸೀಮೆಗೆ ಹೊಸದಾಗಿರಲಿಲ್ಲ. 1705ರಲ್ಲಿ ಔರಂಗಜೇಬನು ಸುರಪುರ ನಾಯಕರ ವಾಗಣಗೇರಾ ಕೋಟೆಗೆ ಮುತ್ತಿಗೆ ಹಾಕಿದ. ಅವನೇ ಮುಂದೆ ನಿಂತು ನಡೆಸಿದ ಕೊನೆಯ ಮುತ್ತಿಗೆ ಅದು. ತಿಂಗಳುಗಟ್ಟಲೆ ನಡೆದ ಇಂಥ ಕಾಳಗದಲ್ಲಿ ಮದ್ದಿನಷ್ಟೇ ಮುಖ್ಯವಾದದ್ದು ಕಾಳು. ಕೋಟೆಯೊಳಗಿನವರಿಗೆ ಕಣಜ, ಹೊರಗಿನ ಲಕ್ಷಾಂತರ ಬಾಯಿಗಳಿಗೆ ಅಲೆಮಾರಿ ಸಾಗಣೆದಾರರಾದ ಲಮಾಣಿಗಳ ಹೇರೆತ್ತು. ಹತ್ತು ಹನ್ನೆರಡು ಸಾವಿರ ಎತ್ತುಗಳ ಲಮಾಣಿ ತಂಡಗಳು ಅಕ್ಕಿ, ಕಾಳು, ಉಪ್ಪು ಹೊತ್ತು ಸಾಗುವುದನ್ನು ಫ್ರೆಂಚ್ ಪ್ರವಾಸಿ ತವೆರ್ನಿಯೆ ಹದಿನೇಳನೆಯ ಶತಮಾನದಲ್ಲೇ ಬರೆದಿಟ್ಟಿದ್ದಾನೆ. ಇಂದು ಜಿಲ್ಲೆಯುದ್ದಕ್ಕೂ ಕಾಣುವ ಲಮಾಣಿ ಹಟ್ಟಿಗಳಾದ ತಾಂಡಾಗಳ ಹಿರಿಯರು ದಖ್ಖನಿನ ಈ ಸಾಗಣೆ ಜಾಲದ ವಾರಸುದಾರರು. ನಡೆಯುವ ಎತ್ತಿನ ಬೆನ್ನೇ ಅವರ ಉಗ್ರಾಣ. ದಾರಿಯ ಹುಲ್ಲೇ ಇಂಧನ. ಗಾಡಿ ಹೋಗದ ಕಲ್ಲುದಾರಿಯಲ್ಲೂ ಹೇರು ಹೋಗುತ್ತಿತ್ತು, ಬೇಸಿಗೆಯಲ್ಲಿ ಭೀಮೆಯನ್ನು ನಡೆದೇ ದಾಟುತ್ತಿತ್ತು.

 ಬ್ರಿಟಿಷರ ವಿರುದ್ಧ ಸುರಪುರದಲ್ಲಿ ಎದ್ದ 1858ರ ಬಂಡಾಯ ಅಡಗಿದ ಮೇಲೆ, 1860ರಲ್ಲಿ, ಸುರಪುರ ಸಂಸ್ಥಾನ ನಿಜಾಮನಿಗೆ ಹೋಯಿತು. ಸೀಮೆ ಹೈದರಾಬಾದಿನ ತೆಕ್ಕೆಗೆ ಬಿದ್ದ ಹನ್ನೊಂದು ವರ್ಷಕ್ಕೆ ರೈಲು ಬಂತು.

ರೈಲು ಒಂದು ದಡಕ್ಕೆ ಬಂದದ್ದು

ಮುಂಬಯಿಯಿಂದ ಹೊರಟ ಗ್ರೇಟ್ ಇಂಡಿಯನ್ ಪೆನಿನ್ಸುಲಾ ರೈಲ್ವೆಯ ಹಳಿ ಸೋಲಾಪುರ, ಕಲಬುರಗಿ, ಯಾದಗಿರಿಗಳ ಮೂಲಕ ಬಂದು 1871ರಲ್ಲಿ ರಾಯಚೂರಿನಲ್ಲಿ ಮದ್ರಾಸ್ ರೈಲ್ವೆಯನ್ನು ಕೂಡಿತು. ಮೂರು ವರ್ಷಗಳಲ್ಲಿ ವಾಡಿಯಿಂದ ಸಿಕಂದರಾಬಾದಿಗೂ ದಾರಿಯಾಯಿತು. ಹಳಿ ಭೀಮೆಯ ಪೂರ್ವಕ್ಕೇ ಉಳಿದದ್ದರಿಂದ ಶಹಾಪುರ, ಸುರಪುರಗಳ ಹತ್ತಿ, ಶೇಂಗಾ, ಕಾಳು ಯಾವುದೇ ಆಗಲಿ, ಚಕ್ಕಡಿಯಲ್ಲಿ ಹೊಳೆ ದಾಟಿ ಯಾದಗಿರಿಯ ಗೂಡ್ಸ್ ಶೆಡ್ ತಲುಪಬೇಕಾಯಿತು. ಮಳೆಗಾಲದಲ್ಲಿ ಹೊಳೆ ತುಂಬಿದರೆ ಕಾಯಬೇಕು. ಕಾಯಲು ಜಾಗ ಇದ್ದವನು ವ್ಯಾಪಾರಿ.

ಇಲ್ಲಿಂದ ದಾಸ್ತಾನಿನ ಸ್ವಭಾವವೇ ಬದಲಾಯಿತು. ಹಗೇವಿನ ಜೋಳ ಮುಂದಿನ ಬರಕ್ಕೆಂದು ಇಟ್ಟದ್ದು. ಸ್ಟೇಷನ್ ಬಳಿಯ ಕೋಠಿಯ ಹತ್ತಿ ಮುಂದಿನ ವ್ಯಾಗನ್ನಿಗೆಂದು ಇಟ್ಟದ್ದು. ಹತ್ತಿಯನ್ನು ಗುಂಡಿಯಲ್ಲಿ ಹೂಳಲಾಗದು. ತೇವ ತಾಗಿದರೆ ಬಣ್ಣ ಹೋಗುತ್ತದೆ, ಕಿಡಿ ತಾಗಿದರೆ ಎಲ್ಲವೂ ಹೋಗುತ್ತದೆ. ಬಿಡಿ ಹತ್ತಿ ವ್ಯಾಗನ್ನಿನ ಜಾಗವನ್ನೆಲ್ಲ ತಿನ್ನುವುದರಿಂದ ಅದನ್ನು ಹಿಂಜಿ ಒತ್ತಿ ಕಟ್ಟಬೇಕು. ಆದ್ದರಿಂದ ಜಿನ್ನಿಂಗ್ ಮತ್ತು ಪ್ರೆಸ್ಸಿಂಗ್ ಕಾರ್ಖಾನೆಗಳು ಹಳಿಯ ಪಕ್ಕದ ಊರುಗಳನ್ನೇ ಆರಿಸಿಕೊಂಡವು. ರೈತನಿಗೆ ಹೊಲದಲ್ಲೇ ಮುಂಗಡ ಕೊಟ್ಟು, ಸುಗ್ಗಿಯಲ್ಲಿ ಮಾಲು ತನ್ನ ಅಂಗಡಿಗೇ ಬರುವಂತೆ ಮಾಡಿಕೊಂಡ ಅಡತಿಯವನು ಈ ವ್ಯವಸ್ಥೆಯ ನಡುಗಂಬವಾದ. 1876-78ರ ಮಹಾ ಕ್ಷಾಮದಲ್ಲಿ ದಕ್ಷಿಣದ ರೈಲುಗಳು ಹಸಿದ ಸೀಮೆಗಳಿಗೆ ಕಾಳು ತಂದವು, ಬೆಲೆ ಏರಿದ ಪೇಟೆಗಳಿಗೆ ಹೊತ್ತೊಯ್ದವು ಕೂಡ. ಊರಿನ ದಾಸ್ತಾನು ಊರಿನ ಬೆಲೆಗೆ ಕಟ್ಟುಬಿದ್ದಿದ್ದ ಕಾಲ ಅಲ್ಲಿಗೆ ಮುಗಿಯಿತು.

ಗಂಜ್, ಕಾಯ್ದೆ, ರಸೀದಿ

ಗಂಜ್‌ನಲ್ಲಿ ಅಂದರೆ ಪಟ್ಟಣದ ಸಗಟು ಪೇಟೆಯಲ್ಲಿ ನಡೆಯುತ್ತಿದ್ದ ತೂಕದ ಕಡಿತ, ಧರ್ಮಾರ್ಥದ ಹೆಸರಿನ ವಸೂಲಿ, ಬಟ್ಟೆಯ ಮರೆಯಲ್ಲಿ ಬೆರಳು ಹಿಡಿದು ಬೆಲೆ ಹೇಳುವ ರೂಢಿ, ಇವಕ್ಕೆ ಕಡಿವಾಣ ಹಾಕಲು ಹೈದರಾಬಾದ್ ಸಂಸ್ಥಾನ 1930ರಲ್ಲಿ ಕೃಷಿ ಮಾರುಕಟ್ಟೆ ಕಾಯ್ದೆ ತಂದಿತು. ಬ್ರಿಟಿಷ್ ಭಾರತದ ಕೃಷಿ ರಾಯಲ್ ಆಯೋಗ ನಿಯಂತ್ರಿತ ಮಾರುಕಟ್ಟೆಗಳನ್ನು ಶಿಫಾರಸು ಮಾಡಿದ್ದು 1928ರಲ್ಲಿ. ನಿಜಾಮ ಸರ್ಕಾರ ಹಿಂದೆ ಬೀಳಲಿಲ್ಲ ಎಂಬುದನ್ನು ದಾಖಲಿಸಬೇಕು. ಎರಡನೆಯ ಮಹಾಯುದ್ಧದ ಕಾಲದಲ್ಲಿ ಅದೇ ಸರ್ಕಾರ ಬೆಳೆಯ ಒಂದು ಪಾಲನ್ನು ಲೆವಿ ಕಾಳಾಗಿ ತನಗೆ ಕೊಡುವುದನ್ನು ಕಡ್ಡಾಯ ಮಾಡಿದಾಗ, ಸರ್ಕಾರಿ ಗೋದಾಮು ಎಂಬ ಮಾತು ಹಳ್ಳಿಗೆ ಬಂದದ್ದು ಕೊಡುವ ಕೈಯಾಗಿ ಅಲ್ಲ, ಕಸಿಯುವ ಕೈಯಾಗಿ.

ಸ್ವಾತಂತ್ರ್ಯಾನಂತರದ ಕಾಯ್ದೆಗಳ ಬೇರು 1954ರ ಅಖಿಲ ಭಾರತ ಗ್ರಾಮೀಣ ಸಾಲ ಸಮೀಕ್ಷೆಯ ವರದಿಯಲ್ಲಿದೆ. ಸಾಲ, ಮಾರಾಟ, ಉಗ್ರಾಣ ಮೂರನ್ನೂ ಒಟ್ಟಿಗೆ ಕಟ್ಟದಿದ್ದರೆ ರೈತ ಸಾಹುಕಾರನಿಂದ ಬಿಡಿಸಿಕೊಳ್ಳಲಾರ ಎಂಬುದು ಎ. ಡಿ. ಗೋರ್ವಾಲಾ ನೇತೃತ್ವದ ಆ ಸಮಿತಿಯ ನಿಲುವು. ಅದರ ಫಲವಾಗಿ ಉಗ್ರಾಣ ನಿಗಮಗಳನ್ನು ಸ್ಥಾಪಿಸುವ 1956ರ ಕಾಯ್ದೆ ಬಂತು. 1957ರಲ್ಲಿ ಕೇಂದ್ರ ಉಗ್ರಾಣ ನಿಗಮವೂ ಅಂದಿನ ಮೈಸೂರು ರಾಜ್ಯದ ಉಗ್ರಾಣ ನಿಗಮವೂ ಹುಟ್ಟಿದವು. ಕಲಬುರಗಿ ಸೀಮೆ ಹೈದರಾಬಾದಿನಿಂದ ಕನ್ನಡ ರಾಜ್ಯಕ್ಕೆ ಸೇರಿ ಆಗ ಒಂದೇ ವರ್ಷವಾಗಿತ್ತು. 1966ರಲ್ಲಿ ರಾಜ್ಯದ ಕೃಷಿ ಉತ್ಪನ್ನ ಮಾರುಕಟ್ಟೆ ಕಾಯ್ದೆ, 2007ರಲ್ಲಿ ಉಗ್ರಾಣ ರಸೀದಿಯನ್ನು ಕೈಬದಲಾಯಿಸಬಹುದಾದ ಪತ್ರವಾಗಿಸಿದ ಕೇಂದ್ರ ಕಾಯ್ದೆ, 2014ರಲ್ಲಿ ರಾಜ್ಯದ ಮಾರುಕಟ್ಟೆಗಳಿಗೆ ಆನ್‌ಲೈನ್ ಟೆಂಡರ್, 2017ರಲ್ಲಿ ಎಲೆಕ್ಟ್ರಾನಿಕ್ ರಸೀದಿ.

ರಸೀದಿಯ ಲೆಕ್ಕ ಕಾಗದದ ಮೇಲೆ ಸರಳ. ತೊಗರಿ ರಾಶಿಯಾದ ಕೂಡಲೇ ಎಲ್ಲರ ಮಾಲೂ ಒಮ್ಮೆಗೇ ಗಂಜ್‌ಗೆ ಬಂದು ಬೆಲೆ ಬೀಳುತ್ತದೆ. ಮಾಲನ್ನು ಗೋದಾಮಿನಲ್ಲಿಟ್ಟು, ರಸೀದಿಯನ್ನು ಬ್ಯಾಂಕಿನಲ್ಲಿ ಅಡವಿಟ್ಟು, ಮೌಲ್ಯದ ಒಂದು ಪಾಲನ್ನು ಸಾಲವಾಗಿ ಪಡೆದು ಮನೆಯ ಖರ್ಚು ನಿಭಾಯಿಸಿ, ಬೆಲೆ ಬಂದಾಗ ಮಾರಬಹುದು. ಕಿಸಾನ್ ಕ್ರೆಡಿಟ್ ಕಾರ್ಡ್ ಇರುವ ಸಣ್ಣ ರೈತರಿಗೆ ಸುಗ್ಗಿಯ ನಂತರ ಆರು ತಿಂಗಳವರೆಗೆ ಈ ಸಾಲಕ್ಕೆ ಬಡ್ಡಿ ರಿಯಾಯಿತಿಯೂ ಇದೆ. ಆದರೆ ಬೀಜ, ಗೊಬ್ಬರಕ್ಕೆ ಅಡತಿಯವನ ಮುಂಗಡ ತಂದವನ ಮಾಲು ರಾಶಿಯ ಕಣದಲ್ಲೇ ಅರ್ಧ ಮಾರಾಟವಾಗಿರುತ್ತದೆ. ಹತ್ತು ಚೀಲಕ್ಕಾಗಿ ಟ್ರ್ಯಾಕ್ಟರ್ ಬಾಡಿಗೆ ಕೊಟ್ಟು ದೂರದ ಪಟ್ಟಣದ ಗೋದಾಮಿಗೆ ಒಯ್ದು, ತೇವಾಂಶ ಪರೀಕ್ಷೆ ಮಾಡಿಸಿ, ಹಮಾಲಿ ಕೊಟ್ಟು, ಮತ್ತೆ ಬ್ಯಾಂಕಿಗೆ ಅಲೆಯುವಷ್ಟರಲ್ಲಿ ಕಾಯುವುದರಿಂದ ಬರುವ ಲಾಭ ಕರಗುತ್ತದೆ. ಅದೇ ಗೋದಾಮು, ಅದೇ ರಸೀದಿ ನೂರಾರು ಚೀಲ ಕೊಂಡ ವ್ಯಾಪಾರಿಗೆ ಚೆನ್ನಾಗಿ ಒದಗುತ್ತದೆ.

ತೊಗರಿಯ ಗುಣವೂ ಇದಕ್ಕೆ ಕೂಡಿಬರುತ್ತದೆ. ಜೋಳದಂತೆ ಅದು ವರ್ಷಗಟ್ಟಲೆ ಮಲಗುವ ಕಾಳಲ್ಲ. ನುಸಿ ಹೊಲದಲ್ಲೇ ಕಾಯಿಯ ಮೇಲೆ ಮೊಟ್ಟೆ ಇಟ್ಟು ಚೀಲದೊಳಕ್ಕೂ ಬರುತ್ತದೆ. ಬೇಳೆಯಾಗಿ ಒಡೆದರೆ ಹೆಚ್ಚು ಬಾಳುತ್ತದೆ, ಆದರೆ ದಾಲ್ ಮಿಲ್ ರೈತನದಲ್ಲ. 2016-17ರಲ್ಲಿ ದೇಶದ ತೊಗರಿ ಉತ್ಪಾದನೆ ಸುಮಾರು 48.7 ಲಕ್ಷ ಟನ್ನಿಗೆ ಏರಿದಾಗ, ಕೇಂದ್ರದ ಬೆಂಬಲ ಬೆಲೆ 5,050 ರೂಪಾಯಿಗೆ ರಾಜ್ಯ 450 ಸೇರಿಸಿ ಕ್ವಿಂಟಲಿಗೆ 5,500 ರೂಪಾಯಿಯಂತೆ ಕೊಂಡಿತು. ಆ ವರ್ಷ ಖರೀದಿ ಕೇಂದ್ರಗಳಿಗೆ ಎದುರಾದ ಕೊರತೆ ಚೀಲದ್ದು ಮತ್ತು ಜಾಗದ್ದು. ಬೆಲೆ ಘೋಷಿಸುವುದು ಒಂದು ಆದೇಶದ ಕೆಲಸ, ಒಣ ನೆಲ ಒದಗಿಸುವುದು ವರ್ಷಗಳ ಕೆಲಸ.

ಕಾಲುವೆ ಮತ್ತು ಪಡಿತರ

1964ರಲ್ಲಿ ಲಾಲ್ ಬಹಾದ್ದೂರ್ ಶಾಸ್ತ್ರಿ ಅಡಿಗಲ್ಲು ಇಟ್ಟ ಕೃಷ್ಣಾ ಮೇಲ್ದಂಡೆ ಯೋಜನೆಯ ನಾರಾಯಣಪುರ ಎಡದಂಡೆ ಕಾಲುವೆ ಈ ಸೀಮೆಯ ಬೆಳೆಯನ್ನೇ ತಿರುಗಿಸಿತು. ಜೋಳದ ಎರೆಯಲ್ಲಿ ಭತ್ತ ನಿಂತಿತು. ನೀರಾವರಿ ನೆಲದಲ್ಲಿ ಅಂತರ್ಜಲ ಮೇಲೇರಿದರೆ ಹಗೇವಿನ ತಳ ತೇವವಾಗುತ್ತದೆ. ಒಣ ಬೇಸಾಯದ ಊರಿಗೆ ಹೊಂದಿದ್ದ ತಂತ್ರ ಕಾಲುವೆಯ ಊರಿನಲ್ಲಿ ನಿಲ್ಲುವಂತಿಲ್ಲ. ಭತ್ತವಾದರೋ ಹಸಿಯಾಗಿ ಕಟಾವಾಗುವ ಕಾಳು. ಖರೀದಿಗೆ ಶೇ 17ರವರೆಗೆ ತೇವಾಂಶ ಒಪ್ಪುತ್ತಾರೆ, ತಿಂಗಳುಗಟ್ಟಲೆ ಇಡಲು ಇನ್ನೂ ಒಣಗಬೇಕು. ಯಂತ್ರದಲ್ಲಿ ಒಂದೇ ದಿನ ಕಟಾವು ಮಾಡಿದ ಭತ್ತವನ್ನು ಹರವಲು ಕಣವಿಲ್ಲದೆ ರೈತರು ರಸ್ತೆಯ ಮೇಲೆ ಹಾಕುತ್ತಾರೆ, ಅಲ್ಲಿಂದಲೇ ಲಾರಿ ತುಂಬಿ ರಾಯಚೂರು, ಸಿಂಧನೂರು ಕಡೆಯ ಗಿರಣಿಗಳಿಗೆ ಹೋಗುತ್ತದೆ.

ಇನ್ನೊಂದು ದಿಕ್ಕಿನಿಂದ ಅಕ್ಕಿ ಒಳಗೆ ಬರುತ್ತದೆ. 2013ರ ರಾಜ್ಯದ ಅನ್ನಭಾಗ್ಯ ಪಡಿತರ ಯೋಜನೆ ಮತ್ತು ಅದೇ ವರ್ಷದ ಕೇಂದ್ರದ ಆಹಾರ ಭದ್ರತಾ ಕಾಯ್ದೆಯ ನಂತರ, ಭಾರತ ಆಹಾರ ನಿಗಮದ ಗೋದಾಮಿನಿಂದ ತಾಲ್ಲೂಕು ಸಗಟು ಮಳಿಗೆಗೆ, ಅಲ್ಲಿಂದ ನ್ಯಾಯಬೆಲೆ ಅಂಗಡಿಗೆ ಸಾಗುವ ಈ ಸರಪಳಿಯೇ ಸೀಮೆಯ ಅತ್ಯಂತ ದೊಡ್ಡ ವಿತರಣಾ ವ್ಯವಸ್ಥೆ. ಬಡ ಕುಟುಂಬದ ತಿಂಗಳ ಊಟ ಇದರ ಮೇಲೆ ನಿಂತಿದೆ. 2023ರ ನವೆಂಬರಿನಲ್ಲಿ ಶಹಾಪುರದ ಗೋದಾಮಿನಲ್ಲಿ ಇರಬೇಕಿದ್ದ ಸುಮಾರು 6,000 ಕ್ವಿಂಟಲ್ ಪಡಿತರ ಅಕ್ಕಿ ಕಾಣೆಯಾದದ್ದು ಬೆಳಕಿಗೆ ಬಂದು ಪೊಲೀಸ್ ಪ್ರಕರಣವಾಯಿತು. ಹೊಣೆ ಯಾರದೆಂಬುದು ನ್ಯಾಯಾಲಯ ತೀರ್ಮಾನಿಸುವ ವಿಷಯ. ಉಗ್ರಾಣ ನಿರ್ವಹಣೆಯ ದೃಷ್ಟಿಯಿಂದ ಆ ಅಂಕಿಯನ್ನು ನೋಡಬೇಕು. 50 ಕೆ.ಜಿ. ಚೀಲದ ಲೆಕ್ಕದಲ್ಲಿ ಅದು 12,000 ಚೀಲ, ಹತ್ತು ಟನ್ನಿನ ಲಾರಿಗೆ ಅರವತ್ತು ಲೋಡು. ಪೇರಿಸಿದ ಚೀಲಗಳ ನಿಟ್ಟಿನ ಉದ್ದ, ಅಗಲ, ಎತ್ತರ ಎಣಿಸಿ ಗುಣಿಸಿದರೆ ಯಾವ ಗೋದಾಮಿನ ಚೀಲವನ್ನೂ ಒಂದೇ ದಿನದಲ್ಲಿ ಲೆಕ್ಕ ಹಾಕಬಹುದು. ಪ್ರತಿ ನಿಟ್ಟಿಗೂ ಚೀಟಿ, ಮೊದಲು ಬಂದದ್ದು ಮೊದಲು ಹೋಗುವ ನಿಯಮ, ತಿಂಗಳಿಗೊಮ್ಮೆ ಹೊರಗಿನವರಿಂದ ಎಣಿಕೆ: ಇವು ಹೊಸ ವಿದ್ಯೆಯಲ್ಲ, ಉಗ್ರಾಣದ ಅಕ್ಷರಾಭ್ಯಾಸ. ಗಣಕಯಂತ್ರದ ಪರದೆಯ ಮೇಲಿನ ಅಂಕಿಯನ್ನೇ ದಾಸ್ತಾನೆಂದು ನಂಬಿದಲ್ಲಿ ಈ ಅಭ್ಯಾಸ ತಪ್ಪುತ್ತದೆ, ಹಸಿವಿನ ಪಾಲು ಸೋರುತ್ತದೆ.

ಮುಂದಿನ ದಾರಿಗಳು

ಜೇವರ್ಗಿಯಿಂದ ಶಹಾಪುರ, ಸುರಪುರ ಹಾದು ತಿಂಥಣಿ ಸೇತುವೆಯ ಮೇಲೆ ಕೃಷ್ಣೆಯನ್ನು ದಾಟುವ ಹೆದ್ದಾರಿ ಲಾರಿಗಳ ಕಾಲದಲ್ಲಿ ಎರಡು ಹೊಳೆಗಳ ನಡುವಿನ ಈ ಸೀಮೆಗೆ ತನ್ನದೇ ದಾರಿ ಕೊಟ್ಟಿದೆ. 2023ರ ಜನವರಿಯಲ್ಲಿ ಕೊಡೇಕಲ್ಲಿನಲ್ಲಿ ಎಡದಂಡೆ ಕಾಲುವೆಯ ಆಧುನೀಕರಣ ಕಾಮಗಾರಿಯ ಉದ್ಘಾಟನೆಯ ಜೊತೆಗೇ ಸೂರತ್-ಚೆನ್ನೈ ಹೆದ್ದಾರಿಯ ಭಾಗಗಳಿಗೆ ಅಡಿಗಲ್ಲು ಬಿತ್ತು. 2013-14ರಲ್ಲಿ ಮಂಜೂರಾದ ಗದಗ-ವಾಡಿ ರೈಲು ಮಾರ್ಗ ಶಹಾಪುರ, ಸುರಪುರಗಳ ಮೂಲಕ ಹೋಗಬೇಕು. 2025ರಲ್ಲಿ ಗದಗದ ಕಡೆಯಿಂದ ಕುಷ್ಟಗಿಯವರೆಗೆ ರೈಲು ಓಡಿದೆ. ಅದು ಪೂರ್ತಿಯಾದರೆ 1871ರ ನಕ್ಷೆ ಮೊದಲ ಬಾರಿಗೆ ತಿದ್ದುಪಡಿಯಾಗುತ್ತದೆ, ಭೀಮೆ ದಾಟದೆಯೇ ಮಾಲು ವ್ಯಾಗನ್ ಏರುತ್ತದೆ.

ಆಗ ಬರುವ ಗೂಡ್ಸ್ ಶೆಡ್ಡಿನ ಸುತ್ತ ಕಟ್ಟುವ ಗೋದಾಮುಗಳು ಯಾರವು ಎಂಬುದು ಈಗಲೇ ತೀರ್ಮಾನವಾಗಬೇಕಾದ ಪ್ರಶ್ನೆ. ಪ್ರಾಥಮಿಕ ಕೃಷಿ ಪತ್ತಿನ ಸಹಕಾರ ಸಂಘಗಳಲ್ಲಿ ಗೋದಾಮು ಕಟ್ಟುವ ಕೇಂದ್ರದ ಯೋಜನೆ 2023ರಲ್ಲಿ ಒಪ್ಪಿಗೆ ಪಡೆಯಿತು. ಅದರ ಪ್ರಾಯೋಗಿಕ ಹಂತದಲ್ಲಿ ಕರ್ನಾಟಕದಿಂದ ಆಯ್ಕೆಯಾದದ್ದು ಬೀದರ ಜಿಲ್ಲೆಯ ಎಕಂಬಾ ಸಂಘದ 1,000 ಟನ್ನಿನ ಗೋದಾಮು. ಅದೇ ಅಳತೆಯ ಗೋದಾಮನ್ನು ಶಹಾಪುರ ಸೀಮೆಯ ಒಂದು ಸಂಘಕ್ಕೆ ಹಾಕಿ ನೋಡಬಹುದು. ಐದು ಎಕರೆ ತೊಗರಿ, ಎಕರೆಗೆ 4 ಕ್ವಿಂಟಲ್ ಎಂದು ಹಿಡಿದರೆ ಒಬ್ಬ ರೈತನ ಮಾಲು 20 ಕ್ವಿಂಟಲ್, ಅಂದರೆ 40 ಚೀಲ. ಒಂದು ಗೋದಾಮಿನಲ್ಲಿ ಇಂಥ 500 ಮನೆಗಳ ಇಡೀ ಬೆಳೆ ಹಿಡಿಯುತ್ತದೆ. ಅದರ ಜೊತೆಗೆ ಬೇಕಾದದ್ದು ಒಂದು ಕಾಟಾ, ಒಂದು ತೇವಾಂಶ ಮಾಪಕ, ನುಸಿಗೆ ಹೊಗೆ ಹಾಕಲು ತರಬೇತಿ ಪಡೆದ ಒಬ್ಬ ಆಳು, ಅಲ್ಲಿಯೇ ರಸೀದಿ ಬರೆದು ಅಲ್ಲಿಯೇ ಸಾಲ ಕೊಡುವ ಸಂಘದ ಕಾರ್ಯದರ್ಶಿ.