ರಸ್ತೆ ಬದಿಯಲ್ಲಿ ನಿಂತು ಕೂಗುವವರ ಚರಿತ್ರೆ

ಇವತ್ತು ಒಂದು ಸಣ್ಣ ಲೆಕ್ಕದಿಂದ ಶುರು ಮಾಡೋಣ. ಗಂಟೆಗೆ 40 ಕಿಲೋಮೀಟರ್ ವೇಗದಲ್ಲಿ ಹೋಗೋ ಸೈಕಲ್ಲು ಒಂದು ಸೆಕೆಂಡಿಗೆ 11 ಮೀಟರ್ ದಾಟುತ್ತೆ. ಅಂದ್ರೆ ರಸ್ತೆ ಬದಿಯಲ್ಲಿ ನಿಂತ ನಮಗೆ ನಮ್ಮ ಕ್ಲಬ್ಬಿನವರು ಕಾಣಿಸೋದು ಹೆಚ್ಚೆಂದರೆ ಹತ್ತು ಸೆಕೆಂಡು. ಆ ಹತ್ತು ಸೆಕೆಂಡಿಗೋಸ್ಕರ ಚೆನ್ನೈನಲ್ಲಿ ನಾವು ಭಾನುವಾರ ಬೆಳಗಿನ ಜಾವ ಮೂರೂವರೆಗೆ ಎದ್ದು, ಈಸ್ಟ್ ಕೋಸ್ಟ್ ರೋಡಿಗೆ, ಅಂದ್ರೆ ಇಸಿಆರ್‌ಗೆ ಹೋಗಿ ನಿಲ್ತೀವಿ. ಯಾಕೆ? ಹಾಗೆ ನಿಂತು ಕೂಗೋದರಿಂದ ಏನಾದ್ರೂ ಉಪಯೋಗ ಇದೆಯಾ?

ಈ ಪ್ರಶ್ನೆಗೆ ಒಂದು ಇತಿಹಾಸ ಇದೆ. ಗೆದ್ದವರ ಹೆಸರು ದಾಖಲೆಯಲ್ಲಿ ಸಿಗುತ್ತೆ. ಬದಿಯಲ್ಲಿ ನಿಂತವರ ಕಥೆಯನ್ನ ಮಾತ್ರ ನಿಯಮ ಪುಸ್ತಕಗಳಲ್ಲಿ ಹುಡುಕಬೇಕು. ಯಾಕಂದ್ರೆ ಸೈಕಲ್ ರೇಸಿನ ನಿಯಮಗಳು ಹುಟ್ಟಿದ ದಿನದಿಂದಲೂ ಕೇಳ್ತಾ ಬಂದಿರೋ ಪ್ರಶ್ನೆ ಒಂದೇ: ಸವಾರನಿಗೆ ಹೊರಗಿನವರು ಎಷ್ಟು ಸಹಾಯ ಮಾಡಬಹುದು?

1869ರ ನವೆಂಬರ್ 7. ಫ್ರಾನ್ಸಿನಲ್ಲಿ ಪ್ಯಾರಿಸ್‌ನಿಂದ ರುವಾನ್ ಊರಿಗೆ ರೇಸು. ಒಂದು ಊರಿಂದ ಇನ್ನೊಂದು ಊರಿಗೆ ನಡೆದ ಮೊದಲ ದೊಡ್ಡ ರೇಸು ಅಂತ ಇದನ್ನೇ ಹೇಳ್ತಾರೆ. ದೂರ 123 ಕಿಲೋಮೀಟರ್. ಗೆದ್ದವನು ಜೇಮ್ಸ್ ಮೂರ್. ಹತ್ತು ಗಂಟೆಗೂ ಹೆಚ್ಚು ಹೊತ್ತು ತಗೊಂಡ. ಆ ರೇಸಿನ ನಿಯಮಗಳಲ್ಲಿ ಒಂದು ಕೇಳಿ: ಸೈಕಲ್ಲನ್ನ ನಾಯಿಯಿಂದ ಎಳೆಸಬಾರದು, ಹಾಯಿ ಕಟ್ಟಬಾರದು! ನಗು ಬರುತ್ತೆ. ಆದರೆ ನಿಯಮದ ಅರ್ಥ ಸ್ಪಷ್ಟ: ನಿನ್ನ ಕಾಲೇ ನಿನಗೆ ಗತಿ.

ಈ ಹಟ ಎಲ್ಲಿಗೆ ಹೋಯ್ತು ಅಂತ ನೋಡಿ. 1913ರ ಟೂರ್ ಡಿ ಫ್ರಾನ್ಸ್. ಯೂಜೀನ್ ಕ್ರಿಸ್ಟೋಫ್ ಅನ್ನೋ ಸವಾರ ಬೆಟ್ಟ ಇಳಿಯುವಾಗ ಸೈಕಲ್ಲಿನ ಫೋರ್ಕ್ ಮುರೀತು. ಹೊಸ ಸೈಕಲ್ ತಗೊಳ್ಳೋ ಹಾಗಿಲ್ಲ, ಯಾರೂ ರಿಪೇರಿ ಮಾಡಿಕೊಡೋ ಹಾಗೂ ಇಲ್ಲ. ಸೈಕಲ್ ಹೊತ್ತುಕೊಂಡು ಸುಮಾರು ಹತ್ತು ಕಿಲೋಮೀಟರ್ ನಡೆದು, ಕೆಳಗಿನ ಹಳ್ಳಿಯ ಕಮ್ಮಾರನ ಕುಲುಮೆಗೆ ಹೋಗಿ, ತಾನೇ ಕಬ್ಬಿಣ ಕಾಯಿಸಿ ಬಡಿದು ಸರಿ ಮಾಡಿಕೊಂಡ. ಅಧಿಕಾರಿಗಳು ಪಕ್ಕದಲ್ಲೇ ನಿಂತು ನೋಡ್ತಾ ಇದ್ರು. ಎರಡೂ ಕೈಯಲ್ಲಿ ಕೆಲಸ ಇದ್ದಾಗ ತಿದಿ ಒತ್ತೋರು ಯಾರು? ಅಲ್ಲಿದ್ದ ಒಬ್ಬ ಹುಡುಗ ಒತ್ತಿದ. ಅದಕ್ಕೆ ಕ್ರಿಸ್ಟೋಫ್‌ಗೆ 10 ನಿಮಿಷ ದಂಡ! ಆಮೇಲೆ ಅದನ್ನ 3 ನಿಮಿಷಕ್ಕೆ ಇಳಿಸಿದ್ರಂತೆ. ತಿದಿ ಒತ್ತಿದ ಆ ಹುಡುಗ ನನಗೆ ತುಂಬಾ ಮುಖ್ಯ ಅನ್ನಿಸ್ತಾನೆ. ನಾವೆಲ್ಲ ಅವನ ಕಡೆಯವರು.

ತಂಡದವರ ನಡುವಿನ ಸಹಾಯವೂ ಆಗ ಅವಮಾನದ ವಿಷಯ. 1911ರಲ್ಲಿ ಮೋರಿಸ್ ಬ್ರೊಕ್ಕೊ ಅನ್ನೋ ಸವಾರ ಬೇರೆಯವರಿಗಾಗಿ ಓಡಿಸ್ತಾನೆ ಅಂತ ಟೂರ್ ಸಂಘಟಕ ಆನ್ರಿ ದೆಗ್ರಾಂಜ್ ಅವನನ್ನ 'ಡೊಮೆಸ್ಟಿಕ್' ಅಂದ, ಅಂದ್ರೆ ಮನೆಯಾಳು. ಬೈಗುಳವಾಗಿ ಬಂದ ಪದ ಇವತ್ತು ಗೌರವದ ಕೆಲಸದ ಹೆಸರು. ಆ ಬದಲಾವಣೆಯ ನಡುವೆ 1934ರ ಒಂದು ಫೋಟೋ ಇದೆ. 20 ವರ್ಷದ ರೆನೆ ವಿಯೆತ್ತೊ ತನ್ನ ಚಕ್ರವನ್ನ ತಂಡದ ನಾಯಕ ಆಂತೊನಾಂ ಮಾಞ್‌ಗೆ ಬಿಚ್ಚಿಕೊಟ್ಟು, ಬೇರೆ ಚಕ್ರ ಬರೋವರೆಗೂ ರಸ್ತೆ ಬದಿಯ ಗೋಡೆ ಮೇಲೆ ಕೂತು ಅಳ್ತಿದ್ದಾನೆ. ಆ ವರ್ಷ ಮಾಞ್ ಗೆದ್ದ. ಜನ ನೆನಪಿಟ್ಟುಕೊಂಡಿದ್ದು ವಿಯೆತ್ತೊನ.

ಈಗ ಇಂಗ್ಲೆಂಡಿಗೆ ಬನ್ನಿ. ಅಲ್ಲಿ ಇನ್ನೂ ವಿಚಿತ್ರ. ರಸ್ತೆ ರೇಸಿನಿಂದ ಪೊಲೀಸರ ಕೋಪಕ್ಕೆ ಗುರಿಯಾಗ್ತೀವಿ ಅಂತ ಹೆದರಿ, 1890ರ ದಶಕದಲ್ಲಿ ಸೈಕಲ್ ಸವಾರರ ಸಂಘವೇ ಗುಂಪಾಗಿ ಓಡಿಸೋ ರೇಸನ್ನ ನಿಷೇಧಿಸಿತು. ಬದಲಿಗೆ ಬಂದಿದ್ದು ಟೈಮ್ ಟ್ರಯಲ್: ಒಬ್ಬೊಬ್ಬರನ್ನೇ ಬಿಡೋದು, ನಸುಕಿನಲ್ಲಿ ನಡೆಸೋದು, ಕಣ್ಣಿಗೆ ಬೀಳದ ಕಪ್ಪು ಬಟ್ಟೆ, ರಸ್ತೆಯ ಹೆಸರಿಗೆ ಗುಟ್ಟಿನ ಸಂಕೇತ. ನೋಡೋರು ಬರಲೇಬಾರದು ಅನ್ನೋದೇ ಏರ್ಪಾಡು. ಇದನ್ನ ಮುರಿದವನು ಪರ್ಸಿ ಸ್ಟಾಲಾರ್ಡ್. 1942ರ ಜೂನ್ 7ರಂದು, ಯುದ್ಧದಿಂದ ಪೆಟ್ರೋಲ್ ಸಿಗದೆ ರಸ್ತೆಗಳು ಖಾಲಿ ಇದ್ದಾಗ, ಲಾಂಗೊಲೆನ್‌ನಿಂದ ವುಲ್ವರ್‌ಹ್ಯಾಂಪ್ಟನ್‌ಗೆ 40 ಜನರನ್ನ ಒಟ್ಟಿಗೇ ಓಡಿಸಿದ. ಪೊಲೀಸರೇ ಸಹಕರಿಸಿದ್ರು. ಕೊನೆಯ ಗೆರೆ ಹತ್ತಿರ ಸಾವಿರಕ್ಕೂ ಹೆಚ್ಚು ಜನ ಸೇರಿದ್ರು. ಸಂಘ ಮಾತ್ರ ಸ್ಟಾಲಾರ್ಡನನ್ನ ಹೊರಗೆ ಹಾಕಿತು.

ಹಾಗಂತ ಕೂಗೋರೆಲ್ಲ ಒಳ್ಳೆಯವರು ಅಂತ ನಾನು ಹೇಳ್ತಿಲ್ಲ. 1904ರ ಟೂರ್‌ನಲ್ಲಿ ಸೇಂಟ್ ಎತಿಯೆನ್ ಹತ್ತಿರ ತಮ್ಮೂರಿನ ಸವಾರ ಮುಂದೆ ಹೋಗಲಿ ಅಂತ ಜನ ಉಳಿದವರ ಮೇಲೆ ದೊಣ್ಣೆ ಹಿಡಿದು ಬಿದ್ದರು. 2021ರಲ್ಲಿ ಟೂರ್‌ನ ಮೊದಲ ದಿನವೇ ಒಬ್ಬರು ಅಜ್ಜ ಅಜ್ಜಿಗೆ ಟಿವಿಯಲ್ಲಿ ಕಾಣಲಿ ಅಂತ ರಟ್ಟಿನ ಫಲಕವನ್ನ ರಸ್ತೆಯೊಳಗೆ ಚಾಚಿದ್ರು. ಒಬ್ಬ ಸವಾರ ತಾಗಿ ಬಿದ್ದ, ಅವನ ಹಿಂದೆ ಡಜನ್‌ಗಟ್ಟಲೆ ಜನ ಬಿದ್ದರು. ಫಲಕ ಹಿಡಿದವರು ನೋಡ್ತಿದ್ದಿದ್ದು ಕ್ಯಾಮೆರಾ ಕಡೆ!

ನಮ್ಮ ಕಡೆಗೆ ಬರೋಣ. ನಾನು ಬೆಳೆದಿದ್ದು ಬಾಗಲಕೋಟೆ ಸೀಮೆಯಲ್ಲಿ. ಅಲ್ಲಿ ಜಾತ್ರೆ ಅಂದ್ರೆ ಎತ್ತಿನ ಬಂಡಿ ಶರ್ಯತ್ತಿನ ಜೊತೆ ಸೈಕಲ್ ಶರ್ಯತ್ತೂ ಇರುತ್ತೆ. ಎರಡೂ ಬದಿ ಜನ ಗೋಡೆ ಕಟ್ಟಿದ ಹಾಗೆ ನಿಂತು 'ಬಿಡಬ್ಯಾಡೋ' ಅಂತ ಕೂಗ್ತಾರೆ. ಚೆನ್ನೈಗೆ ಬಂದ ಮೇಲೆ ಇಲ್ಲಿನವರು 'ವಿಡಾದೆ' ಅಂತ ಕೂಗೋದು ಕೇಳಿದಾಗ ನನಗೆ ಅನುವಾದ ಬೇಕಾಗಲಿಲ್ಲ. ತಮಿಳಿನ 'ವಿಡು' ನಮ್ಮ 'ಬಿಡು', ಒಂದೇ ಬೇರಿನ ಮಾತು.

ಚೆನ್ನೈಗೂ ಸೈಕಲ್ಲಿಗೂ ಹಳೇ ನಂಟು. 1949ರಲ್ಲಿ ಶುರುವಾದ ಟಿಐ ಸೈಕಲ್ಸ್‌ನ ಕಾರ್ಖಾನೆ ಇದ್ದಿದ್ದು ಇಲ್ಲಿನ ಅಂಬತ್ತೂರಿನಲ್ಲಿ. ನಮ್ಮ ಅಪ್ಪಂದಿರು ಓಡಿಸಿದ ಹರ್ಕ್ಯುಲಿಸ್, ಬಿಎಸ್‌ಎ ಸೈಕಲ್ಲುಗಳು ಆ ಕಂಪನಿಯವು. ಆದರೆ ರೇಸಿಗೆ ರಸ್ತೆ ಸಿಗೋದು ಕಷ್ಟ. 2023ರ ಅಕ್ಟೋಬರ್‌ನಲ್ಲಿ ಎಚ್‌ಸಿಎಲ್ ಸೈಕ್ಲೋಥಾನ್ ಇಸಿಆರ್‌ನಲ್ಲೇ ನಡೆದಾಗ ವೃತ್ತಿಪರರು, ಹವ್ಯಾಸಿಗಳು ಎಲ್ಲರೂ ಬಂದಿದ್ದರು. ಅಂಥ ದೊಡ್ಡ ದಿನ ಅಪರೂಪ. ಉಳಿದಂತೆ ನಮ್ಮ ಕ್ಲಬ್ ರೇಸುಗಳು ಲಾರಿ, ಬಸ್ಸು ಏಳೋದಕ್ಕೆ ಮುಂಚೆಯೇ ಮುಗಿಬೇಕು. ಹಳೇ ಇಂಗ್ಲೆಂಡಿನ ನಸುಕಿನ ರೇಸುಗಳ ಹಾಗೇ, ಅಲ್ವಾ?

ಅಂಥದೊಂದು ರೇಸಿನಲ್ಲಿ ನಾನು ಮುಟ್ಟುಕಾಡು ಸೇತುವೆ ದಾಟಿದ ಮೇಲೆ, ಕೋವಳಂ ಕಡೆಗೆ ನಿಂತಿದ್ದೆ. ಇಸಿಆರ್ ಸಪಾಟು ರಸ್ತೆ, ಏರು ಇಲ್ಲ. ಇಲ್ಲಿ ಎದುರಾಳಿ ಅಂದ್ರೆ ಗಾಳಿ. ಮುಂದಿನವರ ಚಕ್ರದ ಹಿಂದೆ ಅಂಟಿಕೊಂಡು ಹೋದರೆ ಸುಮಾರು ಕಾಲು ಭಾಗದಿಂದ ಮೂರನೇ ಒಂದು ಭಾಗದಷ್ಟು ಶ್ರಮ ಉಳಿಯುತ್ತೆ. ಒಂಟಿಯಾಗಿ ಸಿಕ್ಕಿಕೊಂಡ್ರೆ ಮುಗೀತು. ಹಿನ್ನೀರಿನ ಮೇಲಿನ ಆ ಸೇತುವೆಯಲ್ಲಿ ಗಾಳಿಗೆ ತಡೆಯೇ ಇಲ್ಲ. ನಮ್ಮ ಕ್ಲಬ್ಬಿನ ಹುಡುಗಿ ಅಲ್ಲೇ ಮುಂದಿನ ಗುಂಪಿನಿಂದ ಬಿಟ್ಟುಹೋಗಿ ಒಬ್ಬಳೇ ಬರ್ತಿದ್ಲು. ಮುಂದಿನ ಗುಂಪು 45 ಸೆಕೆಂಡ್ ದೂರ. ಹಿಂದೆ ಮೂವರು ಒಟ್ಟಿಗೆ ಬರ್ತಿದ್ರು, 20 ಸೆಕೆಂಡ್. ತಲೆ ಬಗ್ಗಿಸಿ ತುಳೀತಿದ್ದ ಅವಳಿಗೆ ಇದ್ಯಾವುದೂ ಗೊತ್ತಿಲ್ಲ. ನಾನು 'ಸೂಪರ್' ಅನ್ನಲಿಲ್ಲ. 'ಹಿಂದೆ ಮೂರು ಜನ, ಇಪ್ಪತ್ತು ಸೆಕೆಂಡ್, ಕಾಯಮ್ಮಾ!' ಅಂತ ತಮಿಳಿನಲ್ಲಿ ಕೂಗಿದೆ. ಅವಳು ವೇಗ ಇಳಿಸಿದಳು, ಅವರ ಜೊತೆ ಸೇರಿಕೊಂಡಳು, ನಾಲ್ವರೂ ಸರದಿಯಂತೆ ಗಾಳಿಗೆ ಮುಖ ಕೊಟ್ಟರು. ಕೊನೆಗೆ ಏಳನೆಯವಳಾಗಿ ಮುಗಿಸಿದಳು. ಪದಕ ಗಿದಕ ಇಲ್ಲ. ಆದರೆ ಒಂಟಿಯಾಗಿ ಸೋಲಲಿಲ್ಲ.

ಟೂರ್‌ನಲ್ಲಿ ಸವಾರರ ಕಿವಿಗೆ ರೇಡಿಯೊ ಬರೋದಕ್ಕೆ ಮುಂಚೆ ಇದೇ ಕೆಲಸಕ್ಕೆ ಬೈಕ್ ಮೇಲೆ ಕೂತು ಕಪ್ಪು ಹಲಗೆಯಲ್ಲಿ ಅಂತರ ಬರೆದು ತೋರಿಸೋ ಒಬ್ಬರಿದ್ರು. ನಮ್ಮ ರೇಸಲ್ಲಿ ಹಲಗೆ ಇಲ್ಲ, ಗಂಟಲಿದೆ.

ತಿಂಡಿಗೆ ಕೂತಾಗ ಆ ಹುಡುಗಿ ತನ್ನ ಅಮ್ಮನ ವಿಷಯ ಹೇಳಿದಳು. ಅವರ ಊರು ಪುದುಕ್ಕೋಟೈ ಜಿಲ್ಲೆ. 1991ರಲ್ಲಿ ಅಲ್ಲಿ ಅರಿವೊಳಿ ಸಾಕ್ಷರತಾ ಚಳವಳಿ ನಡೀತಿದ್ದಾಗ, ಜಿಲ್ಲಾಧಿಕಾರಿ ಶೀಲಾ ರಾಣಿ ಚುಂಕತ್ ಹೆಂಗಸರಿಗೆ ಸೈಕಲ್ ಕಲಿಸೋದನ್ನೂ ಅದರಲ್ಲಿ ಸೇರಿಸಿದ್ರು. ಕೂಲಿಯವರು, ಕಲ್ಲುಕ್ವಾರಿ ಕೆಲಸದವರು, ಅಂಗನವಾಡಿಯವರು ಸಾವಿರಗಟ್ಟಲೆ ಕಲಿತರು. ಪತ್ರಕರ್ತ ಪಿ. ಸಾಯಿನಾಥ್ ಬರೆದ ಪ್ರಕಾರ, ತಮ್ಮ ಸವಾರಿಯನ್ನ ತೋರಿಸೋಕೆ ಪ್ರದರ್ಶನ ಸ್ಪರ್ಧೆಗಳಲ್ಲಿ ಸೇರಿದ ಹೆಂಗಸರು 70,000ಕ್ಕೂ ಹೆಚ್ಚು. ಲೇಡೀಸ್ ಸೈಕಲ್ ಸಿಗದೆ ಜೆಂಟ್ಸ್ ಸೈಕಲ್ಲನ್ನೇ ಓಡಿಸಿದ್ರು. ಮುಂದಿನ ಬಾರ್ ಮೇಲೆ ಮಗು ಕೂರಿಸ್ಕೋಬಹುದು ಅಂತ ಕೆಲವರಿಗೆ ಅದೇ ಇಷ್ಟವೂ ಆಯ್ತು. ಈ ಹುಡುಗಿಯ ಅಮ್ಮ ಕಲಿತಿದ್ದೂ ಹಾಗೇ, ಬಾಡಿಗೆ ಸೈಕಲ್ಲಿನಲ್ಲಿ. ಶುರುವಿನಲ್ಲಿ ರಸ್ತೆ ಬದಿಯಿಂದ ಬಂದಿದ್ದು ಅಣಕ, ಕೊಂಕು ಮಾತು. ಹಿಂದೆ ಸೀಟು ಹಿಡಿದು ಓಡಿದ ಪಕ್ಕದ ಮನೆ ಅಕ್ಕ ಮಾತ್ರ 'ಬಿಡಬೇಡ' ಅಂದಳಂತೆ.

ಅದೇ ರಸ್ತೆ ಬದಿ ನೋಡಿ. ಅಲ್ಲಿಂದ ಕಲ್ಲೂ ಬರಬಹುದು, ಕೊಂಕೂ ಬರಬಹುದು, ಇಪ್ಪತ್ತು ಸೆಕೆಂಡ್ ಅನ್ನೋ ಮಾಹಿತಿಯೂ ಬರಬಹುದು. ಪೆಡಲ್ ತುಳಿಯೋದು ಅವರವರ ಕಾಲು, ಆ ನಿಯಮ 1869ರಿಂದ ಬದಲಾಗಿಲ್ಲ, ಬದಲಾಗಲೂಬಾರದು. ತುಳಿಯೋವರಿಗೆ ನೀನು ಒಬ್ಬಳೇ ಇಲ್ಲ, ಈ ರಸ್ತೆ ನಿನ್ನದೂ ಹೌದು ಅಂತ ಹೇಳೋ ಕೆಲಸ ಮಾತ್ರ ಬದಿಯಲ್ಲಿ ನಿಂತವರದ್ದು.

ನಿಮ್ಮೂರಲ್ಲಿ ರೇಸ್ ಇದ್ರೆ ಹೋಗಿ. ರಸ್ತೆಯ ಬಿಳಿ ಗೆರೆಯಿಂದ ಎರಡು ಹೆಜ್ಜೆ ಹಿಂದೆ ನಿಲ್ಲಿ, ಮಕ್ಕಳ ಕೈ ಹಿಡ್ಕೊಳ್ಳಿ, ಫೋನ್ ಜೇಬಲ್ಲಿಡಿ. ನಿಮ್ಮವರನ್ನ ಹೆಸರು ಹಿಡಿದು ಕೂಗಿ, ಅಂತರ ಎಷ್ಟು ಅಂತ ಹೇಳಿ. ಕೊನೆಯವರು ಬರೋವರೆಗೂ ನಿಂತಿರಿ. ಚಪ್ಪಾಳೆ ಹೆಚ್ಚು ಬೇಕಾಗಿರೋದು ಅವರಿಗೇ.