ಹಲ್ಲಿನ ಇಂಪ್ಲಾಂಟ್: ನೋವು ಮೂರು ದಿನದ್ದು, ಮೂಳೆಯ ಕೆಲಸ ಮೂರು ತಿಂಗಳದ್ದು

ಕಳೆದ ವರ್ಷ ಕೆಳಗಿನ ಒಂದು ದವಡೆ ಹಲ್ಲು ಕೀಳಿಸಿ, ಆ ಜಾಗಕ್ಕೆ ಇಂಪ್ಲಾಂಟ್ ಹಾಕಿಸ್ಕೊಂಡೆ. ಅದಕ್ಕೂ ಮೊದಲು ಸಿಕ್ಕಸಿಕ್ಕವರನ್ನೆಲ್ಲ ನಾನು ಕೇಳಿದ್ದು ಒಂದೇ ಪ್ರಶ್ನೆ: ತುಂಬಾ ನೋಯುತ್ತಾ? ನೋವು ನಿಂತ ಮೇಲೆ ಏನಾಗುತ್ತೆ ಅಂತ ಕೇಳಬೇಕಿತ್ತು. ಅದು ಹೊಳೆದಿದ್ದು ಆಮೇಲೆ.

ಇಂಪ್ಲಾಂಟ್ ಅಂದರೆ ದವಡೆಯ ಮೂಳೆಗೆ ಕೂರಿಸುವ ಟೈಟಾನಿಯಂ ತಿರುಪು. ಹಲ್ಲಿನ ಬೇರಿನ ಕೆಲಸ ಅದರದ್ದು, ಮೇಲಿನ ಕ್ಯಾಪ್ ಆಮೇಲೆ ಬರುತ್ತೆ. ಸ್ವೀಡನ್ನಿನ ಪರ್-ಇಂಗ್ವಾರ್ ಬ್ರೋನೆಮಾರ್ಕ್ 1950ರ ದಶಕದಲ್ಲಿ ಮೊಲದ ಮೂಳೆಯೊಳಗೆ ಟೈಟಾನಿಯಂ ಸಾಧನ ಇಟ್ಟು ರಕ್ತಸಂಚಾರ ಗಮನಿಸುತ್ತಿದ್ದರು. ಕೊನೆಗೆ ತೆಗೆಯಲು ಹೋದರೆ ಅದು ಮೂಳೆಗೆ ಅಂಟಿಬಿಟ್ಟಿತ್ತು. 1965ರಲ್ಲಿ ಮೊದಲ ಬಾರಿ ಮನುಷ್ಯರ ದವಡೆಗೆ ಹಾಕಿದರು. ಇವತ್ತಿಗೂ ಇಡೀ ಚಿಕಿತ್ಸೆ ನಿಂತಿರುವುದು ಆ ಅಂಟಿನ ಮೇಲೆಯೇ.

ಆಪರೇಷನ್ ದಿನದ ಬಗ್ಗೆ ಹೆಚ್ಚು ಹೇಳೋದಿಲ್ಲ. ಮರಗಟ್ಟಿಸುವ ಇಂಜೆಕ್ಷನ್ ಚುಚ್ಚಿದ್ದೇ ನೋವು. ಆಮೇಲೆ ಇದ್ದದ್ದು ಒತ್ತಡ, ತಲೆಬುರುಡೆಯೊಳಗೆ ಯಾರೋ ಗೋಡೆ ಕೊರೆದ ಹಾಗೆ ಸದ್ದು, ಬಾಯಿ ತೆರೆದೇ ಇಟ್ಟು ಸುಸ್ತು. ಕೊರೆಯುವಾಗ ಸಲೈನ್ ನೀರು ಸುರಿಯುತ್ತಲೇ ಇರುತ್ತಾರೆ. ಮೂಳೆ 47 ಡಿಗ್ರಿ ಸೆಲ್ಸಿಯಸ್‌ಗೆ ಕಾದು ಒಂದು ನಿಮಿಷ ಹಾಗೇ ಇದ್ದರೆ ಅದರ ಜೀವಕೋಶಗಳು ಸಾಯಲು ಶುರುವಾಗುತ್ತವೆ, ಅದಕ್ಕೆ.

ಅಸಲಿ ನೋವು ಮರಗಟ್ಟಿದ್ದು ಇಳಿದ ಮೇಲೆ. ನೋವು ಶುರುವಾಗೋದಕ್ಕೆ ಕಾಯಬೇಡಿ, ಮರಗಟ್ಟಿರುವಾಗಲೇ ಮೊದಲ ಮಾತ್ರೆ ನುಂಗಿ ಅಂದಿದ್ದರು ಡಾಕ್ಟ್ರು. ನನಗೆ ಕೊಟ್ಟಿದ್ದು ಪ್ಯಾರಾಸಿಟಮಾಲ್ ಮತ್ತು ಐಬುಪ್ರೊಫೆನ್. ಹೊಟ್ಟೆಯ ಹುಣ್ಣು, ಕಿಡ್ನಿ ತೊಂದರೆ, ಆಸ್ತಮಾ ಇದ್ದವರು ಮೊದಲೇ ಹೇಳಬೇಕು, ಎರಡನೆಯದು ಅವರಿಗೆ ಆಗದಿರಬಹುದು. ಮೂಳೆ ಸವೆತಕ್ಕೆ ಔಷಧಿ ತಗೊಳ್ತಿದ್ದರೆ ಅದನ್ನೂ ಮುಚ್ಚಿಡಬೇಡಿ. ಮೊದಲ ರಾತ್ರಿ ನಿದ್ದೆ ಸರಿಯಾಗಿ ಬರಲಿಲ್ಲ. ಆದರೂ ಹಲ್ಲು ಕೀಳಿಸಿದಾಗಿನ ನೋವಿಗೆ ಹೋಲಿಸಿದರೆ ಇದು ಕಡಿಮೆಯೇ. ಊತ ಮಾತ್ರ ಮೋಸಗಾರ: ಎರಡನೇ, ಮೂರನೇ ದಿನಕ್ಕೆ ಜಾಸ್ತಿಯಾಗಿ ಆಮೇಲೆ ಇಳಿಯುತ್ತೆ. ಮೊದಲ ದಿನ ಹೊರಗಿನಿಂದ ಐಸ್ ಒತ್ತಿಕೊಂಡೆ, ಬಾಯಿ ಮುಕ್ಕಳಿಸಲಿಲ್ಲ, ಸ್ಟ್ರಾ ಮುಟ್ಟಲಿಲ್ಲ. ಹೀರಿದರೆ ಹೆಪ್ಪುಗಟ್ಟಿದ ರಕ್ತ ಕಿತ್ತುಬರುತ್ತೆ. ಮಾರನೇ ದಿನದಿಂದ ಬೆಚ್ಚಗಿನ ಉಪ್ಪುನೀರು. ಊಟಕ್ಕೆ ಗಂಜಿ, ಮೊಸರನ್ನ, ಆರಿದ ಸಾರಿನ ಜೊತೆ ಮುದ್ದೆ. ಮುದ್ದೆ ಅಗಿಯೋ ಊಟ ಅಲ್ಲವಲ್ಲ, ಬಯಲುಸೀಮೆಯವರು ಈ ವಿಷಯದಲ್ಲಿ ಪುಣ್ಯವಂತರು! ಹತ್ತನೇ ದಿನ ಹೊಲಿಗೆ ತೆಗೆದರು. ಅಷ್ಟೊತ್ತಿಗೆ ನೋವು ಅನ್ನೋದೇ ಮರೆತುಹೋಗಿತ್ತು.

ನಾನು ಎಡವಿದ್ದು ಇಲ್ಲೇ. ನೋವಿಲ್ಲ ಅಂದರೆ ವಾಸಿಯಾಯ್ತು ಅಂದ್ಕೊಂಡು ಮೂರನೇ ವಾರ ಆ ಕಡೆಯಲ್ಲೇ ಚಕ್ಕುಲಿ ಅಗಿದೆ. ಡಾಕ್ಟ್ರು ಬೈದರು. ಶುರುವಿನಲ್ಲಿ ತಿರುಪು ನಿಂತಿರುವುದು ಬರೀ ಬಿಗಿತದಿಂದ. ಸುತ್ತಲಿನ ಹಳೇ ಮೂಳೆ ಕರಗಿ ಹೊಸದು ಬೆಳೆಯುವ ನಡುವೆ, ಮೊದಲ ಕೆಲವು ವಾರಗಳಲ್ಲಿ ಆ ಹಿಡಿತ ಸಡಿಲಾಗುತ್ತೆ. ಆಗಲೇ ಅದು ಅಲ್ಲಾಡಿದರೆ ಮೂಳೆಯ ಬದಲು ನಾರಿನಂಥ ಅಂಗಾಂಶ ಬೆಳೆದು ಇಂಪ್ಲಾಂಟ್ ಕೈಕೊಡಬಹುದು. ತಿರುಪಿಗೆ ನರ ಇಲ್ಲ, ಅಪಾಯ ಆಗ್ತಿದೆ ಅಂತ ಅದು ಹೇಳೋದೂ ಇಲ್ಲ. ಸಾಮಾನ್ಯವಾಗಿ ಕೆಳದವಡೆಗೆ ಮೂರು-ನಾಲ್ಕು ತಿಂಗಳು ಬೇಕು. ಮೇಲ್ದವಡೆಯ ಮೂಳೆ ಮೆದು, ಆರು ತಿಂಗಳಾದರೂ ಆಶ್ಚರ್ಯವಿಲ್ಲ. ಸಿಗರೇಟು ಮತ್ತು ಹತೋಟಿಯಲ್ಲಿಲ್ಲದ ಸಕ್ಕರೆ ಕಾಯಿಲೆ ಈ ಬೆಸುಗೆಯ ದೊಡ್ಡ ಶತ್ರುಗಳು.

ಕೆಲವು ಲಕ್ಷಣ ಕಂಡರೆ ಕಾಯಬಾರದು. ನಾಲ್ಕನೇ ದಿನದ ನಂತರ ನೋವು ಇಳಿಯುವ ಬದಲು ಏರುವುದು, ಕೀವು, ಜ್ವರ, ತಿರುಪು ಅಲ್ಲಾಡುವುದು. ಎಲ್ಲಕ್ಕಿಂತ ತುರ್ತಿನದು ತುಟಿ, ಗದ್ದ ಮಾರನೇ ದಿನವೂ ಮರಗಟ್ಟೇ ಇರುವುದು. ಕೆಳದವಡೆಯೊಳಗೆ ಹಾದುಹೋಗುವ ನರಕ್ಕೆ ಪೆಟ್ಟಾಗಿರಬಹುದು. ಅಂಥ ಹೊತ್ತಲ್ಲಿ ಗಂಟೆಗಳೂ ಲೆಕ್ಕಕ್ಕೆ ಬರುತ್ತವೆ, ಆ ಕ್ಷಣವೇ ಫೋನ್ ಮಾಡಿ.

ಇಷ್ಟೆಲ್ಲ ಎಚ್ಚರಿಕೆ ಪಾಲಿಸಲು ನನಗೆ ಸಾಧ್ಯವಾಗಿದ್ದು ಸಂಬಳ ಕಟ್ ಆಗದ ಎರಡು ದಿನದ ರಜೆ ಇದ್ದಿದ್ದರಿಂದ. ಕ್ಲಿನಿಕ್ಕಿನಲ್ಲಿ ನನ್ನ ಪಕ್ಕ ಕೂತಿದ್ದ ಡೆಲಿವರಿ ಹುಡುಗ ಕೇಳಿದ್ದು ನೋವಿನ ಬಗ್ಗೆ ಅಲ್ಲ, "ನಾಳೆ ಗಾಡಿ ಓಡಿಸ್ಬಹುದಾ ಸಾರ್?" ಅಂತ. ಎರಡು-ಮೂರು ದಿನ ಬೇಡ, ಊದಿದ ದವಡೆಗೆ ಹೆಲ್ಮೆಟ್ ಪಟ್ಟಿಯೂ ಒತ್ತುತ್ತೆ ಅಂದರು. ದುಡ್ಡು ಹೊಂದಿಸಿ ಬಂದಿದ್ದವನು ಮುಂದಿನ ತಿಂಗಳು ನೋಡ್ತೀನಿ ಅಂತ ಎದ್ದುಹೋದ. ಬಹುತೇಕ ಆರೋಗ್ಯ ವಿಮೆಗಳು ಅಪಘಾತ ಬಿಟ್ಟರೆ ಹಲ್ಲಿಗೆ ದುಡ್ಡು ಕೊಡುವುದಿಲ್ಲ. ನಮ್ಮ ರಾಜ್ಯದ ದಂತಭಾಗ್ಯ ಯೋಜನೆ ಬಿಪಿಎಲ್ ಕುಟುಂಬದ ಹಿರಿಯರಿಗೆ ಕಟ್ಟಿಸುವ ಹಲ್ಲಿನ ಸೆಟ್‌ಗಾಗಿ ಬಂದದ್ದು, ದುಡಿಯುವ ವಯಸ್ಸಿನಲ್ಲಿ ಒಂದು ಹಲ್ಲು ಕಳ್ಕೊಂಡವರಿಗಲ್ಲ. ಹಲ್ಲು ದೇಹದ ಭಾಗವೇ ಅಲ್ಲ ಅನ್ನೋ ಹಾಗೆ!

ಹಾಗಾಗಿ ಖಾಸಗಿ ಕ್ಲಿನಿಕ್ಕಿಗೆ ಹೋಗುವ ಮೊದಲು ಹತ್ತಿರದ ಡೆಂಟಲ್ ಕಾಲೇಜಿನಲ್ಲಿ ವಿಚಾರಿಸಿ, ಸರ್ಕಾರಿಯಾದರೆ ಇನ್ನೂ ಒಳ್ಳೆಯದು. ಹೇಳಿದ ರೇಟಿನಲ್ಲಿ ಸ್ಕ್ಯಾನ್, ಕ್ಯಾಪ್, ಅಗತ್ಯ ಬಿದ್ದರೆ ಮೂಳೆ ಕಸಿ ಸೇರಿದೆಯಾ ಅಂತ ಬರೆಸಿಕೊಳ್ಳಿ. ಇಂಪ್ಲಾಂಟ್‌ನ ಕಂಪನಿ, ಅಳತೆ, ಬ್ಯಾಚ್ ನಂಬರ್ ಇರುವ ಸ್ಟಿಕ್ಕರ್ ಕೇಳಿ ಇಸ್ಕೊಳ್ಳಿ. ಹತ್ತು ವರ್ಷದ ಮೇಲೆ ಬೇರೆ ಊರಲ್ಲಿ ಕ್ಯಾಪ್ ಸಡಿಲವಾದರೆ, ಯಾವ ಸ್ಕ್ರೂಡ್ರೈವರ್ ಬೇಕು ಅಂತ ಅಲ್ಲಿನ ಡಾಕ್ಟ್ರಿಗೆ ಗೊತ್ತಾಗೋದು ಅದರಿಂದಲೇ.